ಅಳತೆಗೆ ಕೊಟ್ಟ ಬ್ಲೌಸು

ಬಿಂದುಶ್ರೀ ತೊಂಬತ್ತಾರು ಕೆ.ಜಿ. ತೂಗುತ್ತಿದ್ದಳು. ಯಾರಾದರೂ ಕೇಳಿದರೆ ಮುಚ್ಚುಮರೆ ಇಲ್ಲದೆ ಅಷ್ಟೇ ಹೇಳುತ್ತಿದ್ದಳು. ಹಾಸನದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ, ಅದರ ಮೇಲಿನ ಕೋಣೆ ಅವಳದು. ಮದುವೆಹೆಣ್ಣುಗಳಿಗೆ ಸೀರೆ ಉಡಿಸುವುದು, ಸೀರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಡಬ್ಬಿಯಲ್ಲಿಟ್ಟು ಕೊಡುವುದು, ಬ್ಲೌಸು ಬಿಗಿಯಾದರೆ ಸಡಿಲ ಮಾಡುವುದು, ಸಡಿಲವಾದರೆ ಬಿಗಿ ಮಾಡುವುದು ಅವಳ ಕೆಲಸ. ಮೆಟ್ಟಿಲು ಹತ್ತಿ ಬಂದ ಹೆಂಗಸರು ಗೋಡೆಯ ಮೇಲಿನ ಮದುವೆ ಫೋಟೊಗಳನ್ನು ಆಮೇಲೆ ನೋಡುತ್ತಿದ್ದರು, ಮೊದಲು ಅವಳನ್ನೇ ನೋಡುತ್ತಿದ್ದರು. ಗಂಜಿ ಹಾಕಿದ ಸೀರೆ, ಬೆರಳಗಲದ ನೆರಿಗೆ, ಎಲ್ಲೂ ಪಿನ್ನು ಕಾಣುತ್ತಿರಲಿಲ್ಲ. ಬ್ಲೌಸಿನ ತೋಳು ಮೊಣಕೈವರೆಗೆ, ಒಂದು ಸುಕ್ಕಿಲ್ಲ. ಕಣ್ಣಿಗೆ ಕಾಡಿಗೆ, ಬಿಗಿದ ತುರುಬು, ಎಡಗೈಗೆ ಗಡಿಯಾರ.

ಇದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಸಾಲಗಾಮೆಯ ಶಾಲೆಯಲ್ಲಿ ಅವಳನ್ನು ಎಲ್ಲರೂ ಅಕ್ಕಿ ಮೂಟೆ ಅನ್ನುತ್ತಿದ್ದರು. ಮನೆಯ ಮದುವೆಗಳಲ್ಲಿ ಫೋಟೊ ತೆಗೆಯುವಾಗ ಅವಳ ತಾಯಿಯೇ, "ನೀನು ಇಂದ್ಕೆ ನಿಂತ್ಕೊಳವ್ವಾ" ಎಂದು ಮೆಲ್ಲಗೆ ತಳ್ಳುತ್ತಿದ್ದಳು. ಇಪ್ಪತ್ತೆರಡನೆಯ ವಯಸ್ಸಿನವರೆಗೂ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಓಡಾಡಿದ ಮೇಲೆ ಒಂದು ದಿನ ಅವಳಿಗೆ ಅನ್ನಿಸಿತು: ಜನ ಹೇಗಿದ್ದರೂ ನೋಡುತ್ತಾರೆ. ನೋಡುವುದನ್ನು ನಿಲ್ಲಿಸಲು ನನ್ನ ಕೈಲಿ ಆಗುವುದಿಲ್ಲ. ಕಣ್ಣಿಗೆ ಅಚ್ಚುಕಟ್ಟಾದದ್ದನ್ನು ಕೊಡುವುದು ಮಾತ್ರ ನನ್ನ ಕೈಲಿದೆ. ಅವತ್ತು ಸೆರಗು ಒಂದು ಭುಜಕ್ಕೆ ಬಂತು. ಹನ್ನೆರಡು ವರ್ಷದಿಂದ ಅದು ಅಲ್ಲೇ ಇದೆ.

ಧನ್ಯಾ ಮೊದಲು ಬಂದದ್ದು ಸಂಕ್ರಾಂತಿ ಕಳೆದ ವಾರ, ತಾಯಿಯ ಜೊತೆ. ಹೊಳೆನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ವಯಸ್ಸು ಇಪ್ಪತ್ತೇಳು. ಮೈ ತುಂಬಿಕೊಂಡ ಹುಡುಗಿ, ದುಂಡು ಮುಖ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ಚೂಡಿದಾರದ ವೇಲನ್ನು ಹೊಟ್ಟೆಯ ಮೇಲೆ ಹಿಡಿದುಕೊಂಡೇ ಕುರ್ಚಿಯ ತುದಿಯಲ್ಲಿ ಕೂತಳು.

"ಅಕ್ಕಾ, ಚನ್ನರಾಯಪಟ್ಟಣದ ಒಂದು ಮದ್ವೇಲಿ ನಿಮ್ಮನ್ನ ನೋಡಿದ್ದೆ. ನಂಗೂ ನಿಮ್ಮ ಥರ ಆಗ್ಬೇಕು."

"ನನ್ನ ಥರಾನಾ? ಹಂಗಾದ್ರೆ ಇನ್ನೂ ಇಪ್ಪತ್ತು ಕೇಜಿ ಏರಿಸ್ಬೇಕಾಗ್ತದೆ ಕಣವ್ವಾ."

ಧನ್ಯಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ತಾಯಿ ಚಿಕ್ಕಲಕ್ಷ್ಮಮ್ಮನಿಗೆ ನಗು ಬರಲಿಲ್ಲ.

"ಅಂಗೆಲ್ಲಾ ಯೋಳ್ಬ್ಯಾಡಿ ಮೇಡಂ. ಮೊದ್ಲು ಇವ್ಳು ಸಣ್ಣಕ್ಕೇ ಇದ್ಲು. ಈಗ ಒಂಚೂರು ಊದ್ಕಂಡವ್ಳೆ. ಮದ್ವೆ ಒತ್ಗೆ ಇಳೀತಾಳೆ, ಬೀಗರಿಗೂ ಅಂಗೇ ಮಾತು ಕೊಟ್ಟಿದೀವಿ."

ಅರಕಲಗೂಡಿನ ಕಡೆಯ ಸಂಬಂಧ. ಹುಡುಗ ಹರ್ಷವರ್ಧನ್, ಪಂಚಾಯಿತಿ ಕಚೇರಿಯಲ್ಲಿ ಕೆಲಸ. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಸಾವಂತ್ರಮ್ಮ ಕಾಫಿ ಲೋಟ ಕೆಳಗಿಟ್ಟು, "ಉಡ್ಗಿ ಲಕ್ಷಣವಾಗವ್ಳೆ, ಮೈಯೊಂದೇ ಜಾಸ್ತಿ" ಎಂದಿದ್ದಳಂತೆ. ಆಗ ಚಿಕ್ಕಲಕ್ಷ್ಮಮ್ಮ ಗಾಬರಿಯಲ್ಲಿ, ವೈಶಾಖದ ಹೊತ್ತಿಗೆ ಮಗಳನ್ನು ಇಳಿಸಿಕೊಡುತ್ತೇವೆ ಎಂದುಬಿಟ್ಟಿದ್ದಳು. ಬೈಕಿನ ಕಂತು ತೀರಿಸಿಕೊಡುತ್ತೇವೆ ಎನ್ನುವ ಹಾಗೆ.

ಮೂರು ಶನಿವಾರ ಧನ್ಯಾ ಒಬ್ಬಳೇ ಬಂದಳು. ಬಿಂದುಶ್ರೀ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟಳು. ಲಾಡಿ ಕಟ್ಟುವ ಲಂಗ ಬೇಡ, ಸೊಂಟದ ಮೇಲೆ ಗಂಟು ಉಬ್ಬುತ್ತದೆ. ಒಳಉಡುಪಿಗೆ ಜಿಪುಣತನ ಮಾಡಬೇಡ, ಅದು ಸರಿ ಇದ್ದರೆ ಮೇಲಿನದೆಲ್ಲ ಸರಿ. ಬ್ಲೌಸು ಒಂದಿಂಚು ಉದ್ದವಿರಲಿ. ಸೆರಗಿನಲ್ಲಿ ಹೊಟ್ಟೆ ಮುಚ್ಚಲು ಹೋದರೆ ಎಲ್ಲರ ಕಣ್ಣೂ ಅಲ್ಲೇ ಬೀಳುತ್ತದೆ.

"ಕೊನೇದು ಒಂದಿದೆ" ಎಂದು ಧನ್ಯಾಳ ಗದ್ದಕ್ಕೆ ಎರಡು ಬೆರಳು ಕೊಟ್ಟು ಎತ್ತಿದಳು. "ಯಾರಾದ್ರೂ ನಿನ್ನ ನೋಡ್ತಾ ಇದ್ದಾರೆ ಅಂತ ಗೊತ್ತಾದ ತಕ್ಷಣ ಕತ್ತು ಎತ್ತು. ಆಮೇಲೆ ಸಣ್ಣಗೆ ನಗು. ಅಷ್ಟೇಯ. ಉಳಿದದ್ದು ಅವರ ಹಣೆಬರಹ."

ಧನ್ಯಾ ನಿಲುವುಗನ್ನಡಿಯ ಮುಂದೆ ನಿಂತು ಕತ್ತು ಎತ್ತಿದಳು. ಮೂರನೆಯ ಶನಿವಾರ ಬಿಂದುಶ್ರೀಯದೇ ಒಂದು ಸೀರೆ ಉಟ್ಟು ಮೆಟ್ಟಿಲಿಳಿದು, ಎದುರಿನ ಹೋಟೆಲಿಗೆ ಹೋಗಿ, ಗಂಡಸರೆಲ್ಲ ನೋಡುತ್ತಿದ್ದ ಹಾಗೇ ಒಂದು ಮಸಾಲೆದೋಸೆ ತಿಂದು ಬಂದಳು. "ಬೆನ್ನು ಬಗ್ಗಿಸದೆ ತಿಂದೆ ಅಕ್ಕಾ!" ಎಂದಳು, ಪರೀಕ್ಷೆ ಪಾಸಾದವಳಂತೆ.

ಆ ಕಡೆಯ ಮದುವೆಗಳಲ್ಲಿ ಧಾರೆಯ ಸೀರೆ, ಅದರ ಬ್ಲೌಸು ಎರಡೂ ಗಂಡಿನ ಮನೆಯಿಂದ ಬರಬೇಕು. ಜವಳಿ ತೆಗೆಯುವ ದಿನ ಹೆಣ್ಣಿನ ಕಡೆಯವರು ಅವಳಿಗೆ ಸರಿಯಾಗುವ ಒಂದು ಹಳೆಯ ಬ್ಲೌಸನ್ನು ಅಳತೆಗೆಂದು ಕೊಟ್ಟು ಕಳಿಸುತ್ತಾರೆ. ಟೇಪು ಹಿಡಿದು ಅಳೆಯುವ ಪದ್ಧತಿಯೇ ಇಲ್ಲ. ಅಳತೆ ಬ್ಲೌಸು ಏನು ಹೇಳುತ್ತದೋ ಅದೇ ಹುಡುಗಿಯ ಮೈ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಿಂದುಶ್ರೀ ಇನ್ನಾವುದೋ ಮದುವೆಯಲ್ಲಿ ಬಾಯಲ್ಲಿ ಮೂರು ಪಿನ್ನು ಕಚ್ಚಿಕೊಂಡು ಹೆಣ್ಣಿಗೆ ಸೆರಗು ಜೋಡಿಸುತ್ತಿದ್ದಾಗ ಧನ್ಯಾಳ ಫೋನು ಬಂತು.

"ಅಕ್ಕಾ, ಅಮ್ಮ ನನ್ನ ಪಿಯುಸಿ ಟೈಮಿನ ಬ್ಲೌಸು ಅಳತೆಗೆ ಕೊಟ್ಟುಬಿಟ್ಟಿದಾಳೆ. ಈಗಿಂದು ಕೊಟ್ರೆ ಅವ್ರ ಮುಂದೆ ಮಾನ ಹೋಗುತ್ತೆ ಅಂತ. ಅಷ್ಟಕ್ಕೆ ನೀನೇ ಇಳೀಬೇಕು ಅಂತಾಳೆ."

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಪಿನ್ನುಗಳ ಸಂದಿಯಿಂದಲೇ ಬಿಂದುಶ್ರೀ ಹೇಳಿದಳು: "ಅದಕ್ಯಾಕೆ ಹೆದ್ರುತೀಯಾ? ಯಾವ ಟೈಲರ್ ಆದ್ರೂ ಒಳಗೆ ಎರಡಿಂಚು ಬಟ್ಟೆ ಬಿಟ್ಟಿರ್ತಾನೆ. ಬಿಚ್ಚಿದ್ರಾಯ್ತು. ನಾನಿದೀನಿ."

ಹೊಲಿಯುವವರು ಯಾರು ಎಂದು ಕೇಳಲಿಲ್ಲ. ನೀನು ಇಳಿಯಲು ಏನು ಮಾಡುತ್ತಿದ್ದೀಯ ಎಂದೂ ಕೇಳಲಿಲ್ಲ. ಎದುರಿಗಿದ್ದ ಹೆಣ್ಣಿಗೆ ಮುಹೂರ್ತ ಹತ್ತಿರವಾಗಿತ್ತು.

ಮದುವೆ ಹೊಳೆನರಸೀಪುರದ ಒಂದು ಕಲ್ಯಾಣಮಂಟಪದಲ್ಲಿ. ಮುಹೂರ್ತ ಹತ್ತೂಕಾಲಕ್ಕೆ. ಬಿಂದುಶ್ರೀ ಏಳಕ್ಕೇ ಹೋದಳು. ಅವತ್ತು ಅವಳು ತನ್ನ ಕುಂಕುಮ ಬಣ್ಣದ ರೇಷ್ಮೆ ಬ್ಲೌಸು ಹಾಕಿದ್ದಳು. ಮೊದಲ ವರ್ಷದ ದುಡಿಮೆಯಲ್ಲಿ ಹೊಲಿಸಿದ್ದು, ಅವಳ ಮೈಗೆ ಅಂಟಿದಂತೆ ಕೂರುತ್ತಿದ್ದುದು. ಒಳ್ಳೆಯ ಕೆಲಸವಿದ್ದ ದಿನ ಅದನ್ನೇ ಹಾಕುತ್ತಿದ್ದಳು.

ಧನ್ಯಾಳನ್ನು ಕಂಡಾಗ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಮುಖ ಇಳಿದಿತ್ತು, ಮೈ ಅಷ್ಟಾಗಿ ಇಳಿದಿರಲಿಲ್ಲ. ಕೈ ನಡುಗುತ್ತಿತ್ತು. ತೂಕ ಇಳಿಸಲೆಂದು ಯಾರೋ ಒಬ್ಬರು ಕೊಡುವ ಪುಡಿಯನ್ನು ಎರಡು ಹೊತ್ತು ಊಟದ ಬದಲು ಕುಡಿಯುತ್ತಿದ್ದಳಂತೆ, ಜೊತೆಗೆ ಬೆಳಿಗ್ಗೆ ಒಂದು ಗುಳಿಗೆ.

"ಯಾವ ಗುಳಿಗೆ?"

"ಹೆಸ್ರು ಗೊತ್ತಿಲ್ಲ ಅಕ್ಕಾ. ಚೀಟಿ ಕಿತ್ತು ಕೊಡ್ತಾರೆ. ಎದೆ ಡವಡವ ಅನ್ನುತ್ತೆ, ಆದ್ರೆ ಹಸಿವಾಗಲ್ಲ."

ಎಂಟು ಗಂಟೆಗೆ ಗಂಡಿನ ಕಡೆಯವರು ಧಾರೆ ಸೀರೆಯ ತಟ್ಟೆ ತಂದು ಕೊಟ್ಟು ಹೋದರು. ಬ್ಲೌಸು ಬಿಡಿಸಿದಾಗ ಸುತ್ತ ನಿಂತ ಹೆಂಗಸರೆಲ್ಲ ಅಬ್ಬಾ ಎಂದರು. ಬೆನ್ನಿನ ತುಂಬ ಕಲ್ಲು, ಮುತ್ತು, ಜರಿಯ ಕಸೂತಿ. ತೋಳು ಹೇಗೋ ಏರಿತು. ಮುಂದಿನ ಹುಕ್ಕು ಮಾತ್ರ ಒಂದಕ್ಕೊಂದು ಅರ್ಧ ಗೇಣು ದೂರ ನಿಂತವು.

ಬಿಂದುಶ್ರೀ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಬ್ಲೌಸು ತೆಗೆಸಿ, ತಿರುವಿ ನೋಡಿದಳು. ಒಳಗೆ ಬಟ್ಟೆ ಇರಲಿಲ್ಲ. ಎರಡಿಂಚು ಹಾಗಿರಲಿ, ಕಾಲಿಂಚೂ ಇರಲಿಲ್ಲ. ಚನ್ನರಾಯಪಟ್ಟಣದ ಯಾವುದೋ ಬುಟೀಕಿನಲ್ಲಿ ಹೊಲಿಸಿದ್ದು. ಹೊಲಿಗೆಯ ಅಂಚಿನವರೆಗೂ ಕಲ್ಲು ಕೂರಿಸಿ, ಮಿಕ್ಕ ಬಟ್ಟೆ ಕತ್ತರಿಸಿ, ಮೇಲೆ ಮೆಷಿನ್ನು ಓಡಿಸಿಬಿಟ್ಟಿದ್ದರು. ಅವರ ಕೆಲಸ ಶುದ್ಧವಾಗಿತ್ತು. ತಪ್ಪು ಅವರದಲ್ಲ. ಹನ್ನೆರಡು ವರ್ಷದ ಕಸುಬಿನವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಹೇಳಿದ ಮಾತು ಅಲ್ಲಿ ಸುಳ್ಳಾಗಿತ್ತು.

ಧನ್ಯಾ ಟವೆಲು ಹೊದ್ದು ಕೂತಿದ್ದಳು. "ನಾನಿದೀನಿ ಅಂದಿದ್ರಿ" ಎಂದಳು. ದೂರುವ ದನಿಯಲ್ಲಿ ಅಲ್ಲ, ನೆನಪಿಸುವ ದನಿಯಲ್ಲಿ.

"ಇದೀನಿ" ಎಂದಳು ಬಿಂದುಶ್ರೀ.

ಸೀರೆ ಕುಂಕುಮ ಬಣ್ಣದ್ದು. ಪೇಟೆಗೆ ಹೋಗಿ ಅದೇ ಬಣ್ಣದ ರೇಷ್ಮೆ ಹುಡುಕಲು ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ತನ್ನ ಬ್ಲೌಸು ಕಳಚಿ, ಚೀಲದಲ್ಲಿದ್ದ ಕಪ್ಪು ಹತ್ತಿಯ ಬ್ಲೌಸು ತೊಟ್ಟಳು. ಕತ್ತರಿ ತೆಗೆದಳು. ಬೆನ್ನಿನ ಭಾಗದಿಂದ ನಾಲ್ಕು ಬೆರಳಗಲದ ಎರಡು ಪಟ್ಟಿ ಕತ್ತರಿಸಿದಳು. ಕತ್ತರಿ ರೇಷ್ಮೆಯ ಮೇಲೆ ಓಡುವಾಗ ಏನೂ ಯೋಚಿಸಲಿಲ್ಲ, ಯೋಚಿಸಿದ್ದರೆ ಕೈ ನಿಲ್ಲುತ್ತಿತ್ತು. ಧಾರೆಯ ಬ್ಲೌಸಿನ ಎರಡೂ ಪಕ್ಕ ಬಿಚ್ಚಿ, ಕಂಕುಳಿಂದ ಸೊಂಟದವರೆಗೆ ಆ ಪಟ್ಟಿಗಳನ್ನು ಕೂಡಿಸಿ, ಕೈಸೂಜಿಯಲ್ಲಿ ಹೊಲಿದಳು. ಒಂಬತ್ತೂಮುಕ್ಕಾಲಿಗೆ ಹುಕ್ಕು ಬಿದ್ದವು.

ಸೀರೆ ಉಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಾಗ ಧನ್ಯಾ ತನ್ನನ್ನೇ ಬಹಳ ಹೊತ್ತು ನೋಡಿದಳು. ಅಷ್ಟು ಚೆಂದ ಕಾಣುತ್ತಿದ್ದಳು. ಬೇರೆ ಮಾತೇ ಇಲ್ಲ. ಅವಳು ಕತ್ತು ಎತ್ತಿದಳು.

ಆ ಹೊತ್ತಿಗೆ ಸಾವಂತ್ರಮ್ಮ ಒಳಗೆ ಬಂದಳು, ಹಿಂದೆಯೇ ಏಳೆಂಟು ಹೆಂಗಸರು. ಎತ್ತರದ ಹೆಂಗಸು, ಸಣಕಲು ಮೈ, ಕಣ್ಣು ಚುರುಕು. ಹೆಣ್ಣಿನ ಸುತ್ತ ಒಂದು ಸುತ್ತು ಬಂದು, ಸೆರಗನ್ನು ಎತ್ತಿ ಪಕ್ಕ ನೋಡಿದಳು, ಚೀಲದ ಮೇಲೆ ಬಿದ್ದಿದ್ದ ಬೆನ್ನು ಕತ್ತರಿಸಿದ ಬ್ಲೌಸನ್ನೂ ನೋಡಿದಳು.

"ಇದೇನಿದು ತ್ಯಾಪೆ?"

ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, "ಅದು... ಒಂಚೂರು ಬಿಗಿ ಆಯ್ತಂತೆ ಅಕ್ಕಯ್ಯಾ" ಎಂದಳು.

"ಬಿಗಿ ಯಾಕಾಯ್ತು? ಅಳತೆ ಕೊಟ್ಟೋರು ಯಾರು, ನಾನಾ? ಅಷ್ಟಕ್ಕೆ ಇಳಿಸ್ತೀವಿ ಅಂದೋರು ಯಾರು? ಯಾರೋ ಉಟ್ಟು ಬಿಟ್ಟ ಬಟ್ಟೇನ ನಮ್ಮ ಧಾರೆ ಕುಪ್ಪಸಕ್ಕೆ ತಂದು ಅಂಟ್ಸವ್ರಲ್ಲಾ, ಇದ್ನ ಉಟ್ಕಂಡು ಹಸೆಮಣೆ ಮೇಲೆ ಕೂರ್ಬೇಕಾ ಇವ್ಳು?"

ಹೊರಗೆ ವಾಲಗದ ಸದ್ದು ಜೋರಾಯಿತು. ಯಾರೋ ಹೋಗಿ ಹರ್ಷವರ್ಧನನನ್ನು ಕರೆದು ತಂದರು. ಬಾಸಿಂಗ ಕಟ್ಟಿಕೊಂಡ ಹುಡುಗ ಹೊಸ್ತಿಲಲ್ಲಿ ನಿಂತು, ಧನ್ಯಾಳನ್ನೂ ನೋಡದೆ, ತಾಯಿಯನ್ನೂ ನೋಡದೆ, "ಬುಡಮ್ಮಾ ಈಗ, ಟೈಮಾಯ್ತು" ಎಂದ.

"ಬುಡ್ತೀನಿ ಕಣಪ್ಪಾ. ಮದ್ವೆ ನಿಲ್ಸೋಕೆ ಬಂದಿಲ್ಲ ನಾನು." ಸಾವಂತ್ರಮ್ಮ ಸೆರಗನ್ನು ಮತ್ತೆ ಮೊದಲಿದ್ದ ಹಾಗೇ, ಕೈಯಲ್ಲಿ ಸವರಿ ಸರಿಮಾಡಿದಳು. ದನಿಯೂ ಮೆತ್ತಗಾಯಿತು. "ನೋಡವ್ವಾ, ಮೊದಲ್ನೇ ದೀಪಾವಳಿಗೆ ಈ ಸೀರೇನೇ ಉಡ್ಬೇಕು ನೀನು. ಅಷ್ಟೊತ್ಗೆ ಈ ತ್ಯಾಪೆ ಬಿಚ್ಚಿರ್ಬೇಕು. ಆಯ್ತಾ?"

ಧನ್ಯಾಳ ಕತ್ತು ಬಗ್ಗಿತು. ತಲೆ ಆಡಿಸಿದಳು.

ಬಿಂದುಶ್ರೀ ಸೂಜಿಗೆ ದಾರ ಸುತ್ತುತ್ತ ನಿಂತಿದ್ದಳು. ಆ ಗುಳಿಗೆಯ ವಿಷಯವನ್ನು ಆಗಲೇ ಎತ್ತಬಹುದಿತ್ತು. ಎಂಟು ಜನ ಹೆಂಗಸರ ಮುಂದೆ ಒಂದು ಮಾತು ಆಡಬಹುದಿತ್ತು. ಮದುವೆ ಮನೆಯಲ್ಲಿ ಸೀರೆ ಉಡಿಸಲು ಬಂದವಳು ಮಾತಾಡಿದರೆ ಮುಂದಿನ ಮದುವೆಗೆ ಯಾರೂ ಕರೆಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯರು ಮದುವೆಯ ಬಿಸಿಯಲ್ಲಿ ನೂರು ಹೇಳುತ್ತಾರೆ, ಆಮೇಲೆ ಮರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಧಾರೆ ಆಯಿತು. ಕಪ್ಪು ಬ್ಲೌಸಿನಲ್ಲೇ ಊಟಕ್ಕೆ ಕೂತಳು. ಎದುರು ಸಾಲಿನ ಹೆಂಗಸರು ಅವಳ ಎಲೆಯ ಮೇಲಿನ ಹೋಳಿಗೆಯನ್ನೂ ಅವಳನ್ನೂ ನೋಡಿದರು. ಅವಳು ಕತ್ತು ಎತ್ತಿ, ನಕ್ಕು, ಎರಡನೆಯ ಹೋಳಿಗೆ ಹಾಕಿಸಿಕೊಂಡಳು. ಅದನ್ನು ಮುಟ್ಟದೆಯೇ ಎಲೆ ಮಡಿಸಿ ಎದ್ದಳು.

ಸಾವಂತ್ರಮ್ಮ ಮರೆಯುವ ಹೆಂಗಸಾಗಿರಲಿಲ್ಲ. ಅದು ಬಿಂದುಶ್ರೀಗೆ ಗೊತ್ತಾದದ್ದು ವಾಟ್ಸಾಪಿನ ಸ್ಟೇಟಸ್ಸಿನಲ್ಲಿ. ಆಷಾಢದಲ್ಲಿ ಧನ್ಯಾಳ ಗದ್ದ ಚೂಪಾಗಿತ್ತು. ಗೌರಿ ಹಬ್ಬದ ಫೋಟೊದಲ್ಲಿ ಬಳೆಗಳು ಮೊಣಕೈ ಹತ್ತಿರಕ್ಕೆ ಜಾರಿದ್ದವು. ಆ ಫೋಟೊ ನೋಡಿ ಬಿಂದುಶ್ರೀ ಬರೆಯಲು ಹೊರಟದ್ದು ಬೇರೆ, ಕಳಿಸಿದ್ದು ಒಂದು ಹೂವಿನ ಚಿತ್ರ. ದೀಪಾವಳಿಯ ದಿನ ಧನ್ಯಾ ಧಾರೆ ಸೀರೆ ಉಟ್ಟು ಗಂಡನ ಪಕ್ಕ ನಿಂತಿದ್ದಳು. ಸೆರಗನ್ನು ಎರಡೂ ಭುಜಕ್ಕೆ ಹೊದ್ದಿದ್ದಳು.

ಕಾರ್ತಿಕದ ಕೊನೆಯ ಸೋಮವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಆರು ಮೆಟ್ಟಿಲಿಗೆ ಒಮ್ಮೆ ನಿಂತು, ಮತ್ತೆ ಹತ್ತುವ ಹೆಜ್ಜೆ. ಯಾರೋ ವಯಸ್ಸಾದವರು ಇರಬೇಕು ಎಂದುಕೊಂಡು ಬಿಂದುಶ್ರೀ ಕುರ್ಚಿ ಎಳೆದಿಟ್ಟಳು. ಬಂದವಳು ಧನ್ಯಾ.

ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಆ ಬ್ಲೌಸು.

"ಅಕ್ಕಾ, ಪಟ್ಟಿ ತೆಗೆದುಬಿಡಿ. ದೀಪಾವಳಿಗೆ ಹಂಗೇ ಉಟ್ಟಿದ್ದಕ್ಕೆ ಅತ್ತೆಗೆ ಬೇಜಾರಾಗಿದೆ. ಈಗ ನಂಗೆ ಸರಿಯಾಗುತ್ತೆ."

"ಹಾಕ್ಕೊ ನೋಡೋಣ" ಎಂದಳು ಬಿಂದುಶ್ರೀ.

ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಪಟ್ಟಿಯ ಮಾತೇ ಬೇಕಿರಲಿಲ್ಲ. ಪಿಯುಸಿ ಕಾಲದ ಅಳತೆಗೂ ಅವಳು ಈಗ ಸಾಲುತ್ತಿರಲಿಲ್ಲ. ಕಲ್ಲು ಮುತ್ತುಗಳ ಭಾರಕ್ಕೆ ಬ್ಲೌಸು ಭುಜದಿಂದ ಜಾರಿತು. ಹನ್ನೆರಡು ವರ್ಷದಲ್ಲಿ ಬಿಂದುಶ್ರೀ ನೂರಾರು ಬೆನ್ನು ನೋಡಿದ್ದಳು. ಮೂಳೆಯ ಗಂಟುಗಳನ್ನು ಎಣಿಸಬಹುದಾದ ಇಪ್ಪತ್ತೇಳರ ಹುಡುಗಿಯ ಬೆನ್ನು ಮಾತ್ರ ನೋಡಿರಲಿಲ್ಲ. ಟೇಪು ತೆಗೆದು ಎದೆಯ ಸುತ್ತ ಹಿಡಿದಳು. ಟೇಪಿನ ಕೆಳಗೆ ಎದೆ ಬಡಿಯುತ್ತಿತ್ತು, ಓಡಿ ಬಂದ ಕರುವಿನ ಎದೆಯ ಹಾಗೆ.

"ಪುಡಿ ಇನ್ನೂ ಕುಡೀತಿದೀಯಾ?"

"ಈಗ ಅನ್ನ ಸೇರೋದೇ ಇಲ್ಲ ಅಕ್ಕಾ. ಪುಡಿ ಕೊಡೋರು ಗುಳಿಗೆ ಎರಡು ಮಾಡಿದಾರೆ. ನಿಲ್ಸಿದ್ರೆ ಮತ್ತೆ ಊದ್ಕೊತೀಯಾ ಅಂತಾರೆ."

"ಮುಟ್ಟಾಗಿ ಎಷ್ಟು ದಿನ ಆಯ್ತು?"

ಧನ್ಯಾ ಬೆರಳು ಮಡಿಸಿ ಎಣಿಸಿದಳು. "ನಾಲ್ಕು ತಿಂಗ್ಳು. ಅತ್ತೆ ಬಸುರಿ ಅಂದ್ಕೊಂಡು ಖುಷಿಪಟ್ರು. ಟೆಸ್ಟ್ ಮಾಡಿದ್ರೆ ಏನೂ ಇಲ್ಲ."

"ನಿಮ್ಮೆಜಮಾನ್ರು ಏನಂತಾರೆ?"

"ಈಗ ಎಲ್ಲಿಗೆ ಹೋದ್ರೂ ಜೊತೇಲಿ ಕರ್ಕೊಂಡ್ ಹೋಗ್ತಾರೆ." ಹೇಳುವಾಗ ಅವಳ ಮುಖ ಅರಳಿತು. ಬಾಚಣಿಗೆ ಹಿಡಿದು ಕೂದಲು ಸರಿಮಾಡಿಕೊಂಡಳು. ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲು ಬಂತು, ಅದನ್ನು ಸುತ್ತಿ ಪರ್ಸಿನಲ್ಲಿ ಹಾಕಿಕೊಂಡಳು. ಎಷ್ಟೋ ದಿನದ ರೂಢಿ ಇರಬೇಕು.

ಬಿಂದುಶ್ರೀ ಬ್ಲೌಸನ್ನು ಕಳಚಿಸಿಕೊಂಡು ಮೇಜಿನ ಮೇಲೆ ಹರಡಿದಳು. ತನ್ನ ರೇಷ್ಮೆಯ ಪಟ್ಟಿಗಳು ಎರಡೂ ಪಕ್ಕದಲ್ಲಿ ಹಾಗೇ ಇದ್ದವು, ಕೈಹೊಲಿಗೆ ಒಂದೂ ಬಿಟ್ಟಿರಲಿಲ್ಲ. "ಪಟ್ಟಿ ಕತ್ತರಿಸೋದು ಬೇಡ, ಒಳಕ್ಕೆ ಮಡಿಸಿ ಹೊಲೀತೀನಿ. ಹೊರಗೆ ಕಾಣಲ್ಲ. ಮುಂದೆ ಬೇಕಾದಾಗ ಬಿಚ್ಚಬೋದು."

"ಬೇಡ ಅಕ್ಕಾ. ಅತ್ತೆ ತಿರುವಿ ನೋಡ್ತಾರೆ."

ಅಷ್ಟು ಸಲೀಸಾಗಿ ಹೇಳಿದಳು. ಬಿಂದುಶ್ರೀ ಕತ್ತರಿ ಕೈಗೆತ್ತಿಕೊಂಡು ಕೆಳಗಿಟ್ಟಳು. ಬ್ಲೌಸನ್ನು ಮಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಇದು ಇಲ್ಲೇ ಇರ್ಲಿ. ಅಳತೆ ಸಿಕ್ತಿಲ್ಲವಂತೆ, ತಿಂಗಳಾಗ್ತದಂತೆ ಅಂತ ನಿಮ್ಮತ್ತೆಗೆ ಹೇಳು. ಬೈದ್ರೆ ನನ್ನ ನಂಬರ್ ಕೊಡು. ಆ ಗುಳಿಗೆ ಪರ್ಸಲ್ಲಿದ್ಯಾ? ಇರ್ಲಿ, ಡಾಕ್ಟ್ರಿಗೆ ತೋರಿಸ್ಬೇಕು. ಏಳು, ಆಸ್ಪತ್ರೆಗೆ ಹೋಗಣ."

"ಅಯ್ಯೋ, ನಂಗೇನಾಗಿದೆ? ಎರಡೂವರೆ ಬಸ್ಸಿಗೆ ಹೋಗ್ಬೇಕು ಅಕ್ಕಾ..."

"ಮಾರ್ಚಲ್ಲಿ ನಿನ್ನ ಫೋನ್ ಬಂದಾಗ ಕರ್ಕೊಂಡ್ ಹೋಗ್ಬೇಕಿತ್ತು. ನಾನು ಪಿನ್ನು ಕಚ್ಕೊಂಡಿದ್ದೆ. ಏಳು ಅಂದೆ."

ಒಂದು ಗಂಟೆಗೆ ಬರಬೇಕಿದ್ದ ಗಿರಾಕಿಗೆ ಇವತ್ತು ಆಗುವುದಿಲ್ಲವೆಂದು ಫೋನು ಮಾಡಿದಳು. ಬಾಗಿಲಿಗೆ ಬೀಗ ಹಾಕಿ, ಧನ್ಯಾಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದಳು. ಅವಳ ಹಿಡಿಯಲ್ಲಿ ಆ ರಟ್ಟೆ ಪೂರ್ತಿ ಸೇರಿ ಇನ್ನೂ ಜಾಗ ಉಳಿದಿತ್ತು. ಅರ್ಧ ಇಳಿಯುವಷ್ಟರಲ್ಲಿ ಧನ್ಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣು ಕತ್ತಲೆ ಬಂತು ಎಂದಳು. ಕೆಳಗೆ ಜೆರಾಕ್ಸಿನ ಹುಡುಗಿ ನೀರು ತಂದು ಕೊಟ್ಟಳು. ಎರಡು ಗುಟುಕು ಕುಡಿದು ಎದ್ದಳು.

ಬೀದಿಯ ತುದಿಯಲ್ಲಿ ಆಟೊಗೆ ಕೈ ಅಡ್ಡ ಹಾಕಿ ನಿಂತಿದ್ದಾಗ, ಎದುರಿನ ಹೋಟೆಲಿನಿಂದ ಇಳಿದು ಬಂದ ಒಬ್ಬ ಹೆಂಗಸು ನಿಂತು ನೋಡಿ, ಹತ್ತಿರಕ್ಕೆ ಓಡಿ ಬಂದಳು. ಧನ್ಯಾಳ ಜೊತೆ ಹೊಳೆನರಸೀಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕವನಾ.

"ಧನ್ಯಾ! ನೀನಾ ಇದು? ಗುರ್ತೇ ಸಿಗ್ಲಿಲ್ಲ ಕಣೇ! ಏನೇ ಹಿಂಗಾಗ್ಬುಟ್ಟಿದೀಯಾ, ಹೀರೋಯಿನ್ ಥರ! ಏನ್ ಮಾಡ್ದೆ ಯೋಳೇ, ನಾನೂ ಮಾಡ್ತೀನಿ. ಎಷ್ಟು ತಿಂಗಳಿಗೆ ಇಳಿದೆ?"

ಆಟೊ ಬಂದು ನಿಂತಿತು. ಬಿಂದುಶ್ರೀಯ ಕೈಯೊಳಗಿದ್ದ ರಟ್ಟೆ ಇನ್ನೂ ನಡುಗುತ್ತಿತ್ತು, ಧನ್ಯಾಳ ಭಾರವೆಲ್ಲ ಅವಳ ಮೇಲೇ ಇತ್ತು. ಆ ಭಾರವೂ ಎಷ್ಟೆಂದರೆ ಒಂದು ಒದ್ದೆ ಸೀರೆಯಷ್ಟು.

ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂದು ಧನ್ಯಾಗೆ ಗೊತ್ತಾಯಿತು. ಹೇಳಿಕೊಟ್ಟಿದ್ದ ಹಾಗೇ ಕತ್ತು ಎತ್ತಿದಳು. ಆಮೇಲೆ ಸಣ್ಣಗೆ ನಕ್ಕಳು.